ಗ್ಯಾರೇಜಿಗೆ ಚಿಕ್ಕ ಹೀಟರ್ ಸಾಕಾ?

ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಇದು ಮೊದಲ ಚಳಿಗಾಲ, ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಟ್ರೆಡ್‌ಮಿಲ್ ಇಟ್ಟಿದ್ದೇನೆ, ಒಂದು ಚಿಕ್ಕ ಕರೆಂಟ್ ಹೀಟರ್ ತಂದರೆ ಸಾಕಾ ಅಂತ ಕೇಳಿದ್ದೀರಿ. ಗ್ಯಾರೇಜ್ ಪೂರ್ತಿ ಬೆಚ್ಚಗಾಗಬೇಕು ಅಂದರೆ ಸಾಲದು. ನಿಮ್ಮೊಬ್ಬರಿಗೆ ಅಂದರೆ ದಾರಿ ಇದೆ.

ತೊಡಕು ಇರೋದು ಪ್ಲಗ್ಗಿನಲ್ಲೇ. ಊರಲ್ಲಿ ಗೀಸರ್ ಹಾಕುವ 15 ಆಂಪ್ಸ್ ಪ್ಲಗ್ 230 ವೋಲ್ಟಿನದು, 3000 ವ್ಯಾಟ್ ಎಳೆಯುತ್ತದೆ. ಇಲ್ಲಿಯದೂ ಸಾಮಾನ್ಯವಾಗಿ 15 ಆಂಪ್ಸೇ, ಆದರೆ 120 ವೋಲ್ಟ್. ಅದಕ್ಕೇ ಮಾಮೂಲಿ ಪ್ಲಗ್ಗಿನ ಹೀಟರ್‌ಗಳೆಲ್ಲ, ಅಗ್ಗದ್ದಾಗಲಿ ದುಬಾರಿಯದಾಗಲಿ, 1500 ವ್ಯಾಟಿಗೆ ನಿಲ್ಲುತ್ತವೆ. ಡಬ್ಬದ ಮೇಲೆ ಏನೇ ಬರೆದಿರಲಿ, ಬರುವ ಬಿಸಿ ಅಷ್ಟೇ. ಚಳಿ ತಡೆಯುವ ಗೋಡೆಗಳಿರುವ ಕೋಣೆಗೇ ಚದರಡಿಗೆ 10 ವ್ಯಾಟ್ ಅಂತ ಲೆಕ್ಕ ಹಿಡಿಯುತ್ತಾರೆ. ಎರಡು ಕಾರಿನ ಗ್ಯಾರೇಜ್ ಸುಮಾರು 400 ಚದರಡಿ, ಅಂದರೆ 4000 ವ್ಯಾಟ್. ಹಗಲಲ್ಲಿ ಲೈಟ್ ಆರಿಸಿ ದೊಡ್ಡ ಬಾಗಿಲಿನ ಕೆಳಗೆ ನೋಡಿ. ಹರಿದ ರಬ್ಬರಿನ ಸಂದಿಯಲ್ಲಿ ಬೆಳಕು ಕಾಣ್ತಿದ್ದರೆ, ಮೈನಸ್ 20ರಲ್ಲಿ ನೀವು ಸುಮ್ನೆ ಬೀದಿಯನ್ನು ಕಾಯಿಸುತ್ತಿದ್ದೀರಿ. ಮೊದಲು ಆ ರಬ್ಬರ್ ಹಾಕಿಸಿ, ಹೀಟರ್ ಆಮೇಲೆ.

ಕೊಳ್ಳುವುದೇ ಆದರೆ ಫ್ಯಾನ್ ಇರುವುದು ಬೇಡ, ಇನ್‌ಫ್ರಾರೆಡ್ ತಗೊಳ್ಳಿ. ಅದು ಗಾಳಿಗಿಂತ ಜಾಸ್ತಿ ಎದುರಿಗಿದ್ದವರ ಮೈಯನ್ನು ಕಾಯಿಸುತ್ತದೆ. ಬಚ್ಚಲೊಲೆ ಮುಂದೆ ಕೂತ ಹಾಗೆ, ಎದೆ ಬೆಚ್ಚಗೆ, ಬೆನ್ನು ತಣ್ಣಗೆ. ಓಡುವವರಿಗೆ ಅಷ್ಟು ಸಾಕು, ಅಲ್ವಾ? ಬಿಲ್ಲಿನ ಚಿಂತೆ ಬೇಡ, ಗಂಟೆಗೆ ಒಂದೂವರೆ ಯೂನಿಟ್.

ಚಿಂತೆ ಮಾಡಬೇಕಾದ್ದು ಬೇರೆ. ಹೀಟರ್ ಒಂದೇ 12.5 ಆಂಪ್ಸ್ ಎಳೆಯುತ್ತದೆ. ಅದೇ ಲೈನಿನಲ್ಲಿ ಟ್ರೆಡ್‌ಮಿಲ್ ಹಾಕಿದರೆ ಬ್ರೇಕರ್ (ಊರಿನ ಎಂಸಿಬಿ) ಬಿದ್ದೇ ಬೀಳುತ್ತೆ. ಗ್ಯಾರೇಜಿನ ಪ್ಲಗ್ಗುಗಳೆಲ್ಲ ಒಂದೇ ಬ್ರೇಕರಿನ ಮೇಲಿರುವುದು ಹೊಸದೇನಲ್ಲ. ಎಕ್ಸ್‌ಟೆನ್ಷನ್ ಕಾರ್ಡ್ ಎಳೆದು ಒಳಗಿನಿಂದ ಕರೆಂಟ್ ತರೋಣ ಅಂದುಕೊಳ್ಳಬೇಡಿ. ಹೀಟರಿಗೆ ಅದು ಆಗಲ್ಲ, ಕಾರ್ಡೇ ಕಾದು ಕರಗುತ್ತದೆ. ಅರ್ಧ ಗಂಟೆ ಓಡಿಸಿ ಪ್ಲಗ್ ಮುಟ್ಟಿ ನೋಡಿ. ಕೈ ಸುಡುವಂತಿದ್ದರೆ ಆ ಸಾಕೆಟ್ ಸಡಿಲವಾಗಿದೆ, ಆರಿಸಿಬಿಡಿ. ಹಿಮ ತೆಗೆಯುವ ಮಷೀನಿನ ಪೆಟ್ರೋಲ್ ಕ್ಯಾನ್ ಅಲ್ಲೇ ಇದ್ದರೆ ಹೀಟರ್ ಹಚ್ಚಲೇಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಹರಡಿಕೊಳ್ಳುತ್ತೆ. ಹೀಟರ್ ಇರೋದೂ ನೆಲದ ಮೇಲೇ. ಕಾರಿನಿಂದ ಕರಗಿ ಬಿದ್ದ ನೀರು ವೈರಿನ ಕಡೆ ಹರಿಯದ ಹಾಗೂ ನೋಡಿಕೊಳ್ಳಿ.

ಸರಿಯಾಗಿ ಬೆಚ್ಚಗಾಗಬೇಕು ಅಂದರೆ 240 ವೋಲ್ಟಿನ 5000 ವ್ಯಾಟ್ ಹೀಟರ್, ಅದಕ್ಕೇ ಅಂತ 30 ಆಂಪ್ಸಿನ ಲೈನ್. ಎಲೆಕ್ಟ್ರಿಷಿಯನ್ನೇ ಮಾಡಬೇಕು, ಓನರ್ ಒಪ್ಪಬೇಕು. ಬಾಡಿಗೆ ಮನೆಗೆ ಆ ಖರ್ಚು ನನಗೆ ಸರಿ ಕಾಣಲ್ಲ.

ಅಂದಹಾಗೆ ಟ್ರೆಡ್‌ಮಿಲ್ಲಿನ ಪುಸ್ತಕ ತೆಗೆದು ನೋಡಿ. ಗ್ಯಾರೇಜಿನಲ್ಲಿ ಇಡಬೇಡಿ ಅಂತಲೇ ಎಷ್ಟೋ ಮಾಡೆಲ್‌ಗಳಲ್ಲಿ ಬರೆದಿರುತ್ತಾರೆ. ನಿಮ್ಮನೇಲಿ ಬೇಸ್‌ಮೆಂಟ್ ಇದೆಯಾ? ಇದ್ದರೆ ಅದರ ಚಾವಣಿಯ ಎತ್ತರ ಅಳೆದು ತಿಳಿಸಿ, ಟ್ರೆಡ್‌ಮಿಲ್ ಅಲ್ಲಿಗೆ ಸಾಗಿಸಬಹುದಾ ನೋಡೋಣ.