ತಂಪು ಇರುವುದು ನಾದದಲ್ಲಿ

ಪ್ರಶ್ನೆ: ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ಒಂಬತ್ತು ವಾದಕರ ತಂಡದಿಂದ ‘ಕೂಲ್ ಜಾಝ್’ ಆರಂಭವಾಯಿತೆಂದು ಓದಿದ್ದೇನೆ. ಕೂಲ್ ಎಂದರೆ ವಿಳಂಬ ಗತಿಯ ಸಂಗೀತವೇ? ಅಲ್ಪಾಯುಷಿಯಾದ ಈ ತಂಡಕ್ಕೆ ಇಷ್ಟು ಹೆಸರು ಬಂದದ್ದು ಹೇಗೆ?

ಉತ್ತರ: ಗತಿಗೂ ಈ ಹೆಸರಿಗೂ ನಂಟಿಲ್ಲ. ಇದೇ ತಂಡ ನುಡಿಸಿದ ‘ಮೂವ್’ ಸಾಕಷ್ಟು ದ್ರುತವಾಗಿಯೇ ಓಡುತ್ತದೆ. ತಂಪು ಇರುವುದು ನಾದದಲ್ಲಿ. ಟ್ರಂಪೆಟ್, ಟ್ರಾಂಬೋನ್, ಫ್ರೆಂಚ್ ಹಾರ್ನ್, ಟ್ಯೂಬಾ, ಆಲ್ಟೊ ಮತ್ತು ಬ್ಯಾರಿಟೋನ್ ಸ್ಯಾಕ್ಸೊಫೋನ್ ಎಂಬ ಆರು ಊದುವಾದ್ಯಗಳು ಸ್ವರವನ್ನು ಹೆಚ್ಚು ನಡುಗಿಸದೆ, ತಾರಸ್ಥಾಯಿಯಲ್ಲಿ ಕೂಗಾಡದೆ, ಬಹುಪಾಲು ಮಧ್ಯಸ್ಥಾಯಿಯಲ್ಲಿಯೇ ಒಂದರ ಬಣ್ಣದಲ್ಲಿ ಇನ್ನೊಂದು ಕರಗುವಂತೆ ನುಡಿಯುತ್ತವೆ. ಪಿಯಾನೊ, ಬಾಸ್ ಮತ್ತು ಡ್ರಮ್ಸ್ ಅವುಗಳಿಗೆ ಲಯದ ನೆಲೆ ಒದಗಿಸುತ್ತವೆ. ಕ್ಲಾಡ್ ಥಾರ್ನ್‌ಹಿಲ್ ಅವರ ದೊಡ್ಡ ವಾದ್ಯವೃಂದದಲ್ಲಿದ್ದ ಇಂಥದೇ ನಾದವನ್ನು ಆದಷ್ಟು ಕಡಿಮೆ ವಾದ್ಯಗಳಿಂದ ಹೊರಡಿಸುವುದು ಹೇಗೆಂಬ ಚರ್ಚೆ ನಡೆದದ್ದು ನ್ಯೂಯಾರ್ಕಿನ 55ನೇ ಬೀದಿಯಲ್ಲಿದ್ದ ಕೃತಿಯನ್ನು ವಾದ್ಯಗಳಿಗೆ ಹಂಚಿ ಬರೆಯುವ ವಾದ್ಯಸಂಯೋಜಕ ಗಿಲ್ ಎವನ್ಸ್ ಅವರ ನೆಲಮಾಳಿಗೆಯ ಕೋಣೆಯಲ್ಲಿ. ಅದಕ್ಕೂ ಮೊದಲಿನ ಜಾಝ್ ಶೈಲಿಯಾದ ಬೀಬಾಪ್‌ನಲ್ಲಿ ಒಬ್ಬೊಬ್ಬ ವಾದಕ ಆ ಕ್ಷಣಕ್ಕೆ ಕಲ್ಪಿಸಿ ನುಡಿಸುವ ಮನೋಧರ್ಮವೇ ಮೆರೆಯುತ್ತಿದ್ದರೆ, ಇಲ್ಲಿ ಬರೆದಿಟ್ಟ ಸಂಯೋಜನೆ ಎಲ್ಲಿ ಮುಗಿದು ಮನೋಧರ್ಮ ಎಲ್ಲಿ ಮೊದಲಾಯಿತು ಎಂಬ ಗೆರೆಯೇ ಮಸುಕಾಗುತ್ತದೆ.

ತಂಡ 1948ರ ಸೆಪ್ಟೆಂಬರಿನಲ್ಲಿ ರಾಯಲ್ ರೂಸ್ಟ್ ಕ್ಲಬ್ಬಿನಲ್ಲಿ ಸುಮಾರು ಎರಡು ವಾರ ನುಡಿಸಿತು. ವಾದ್ಯಸಂಯೋಜಕರ ಹೆಸರನ್ನು ಕ್ಲಬ್ಬಿನ ಹೊರಗಿನ ಫಲಕದಲ್ಲಿ ಬರೆಸಿದ್ದು ಆ ಕಾಲಕ್ಕೆ ಅಪರೂಪ. 1949 ಮತ್ತು 1950ರಲ್ಲಿ ಮೂರು ಸಲ ಕ್ಯಾಪಿಟಲ್ ಕಂಪನಿಗಾಗಿ ಹನ್ನೆರಡು ಕೃತಿಗಳ ಧ್ವನಿಮುದ್ರಣವಾಯಿತು. ಅವುಗಳಲ್ಲಿ ಹನ್ನೊಂದು ಒಟ್ಟಾಗಿ ‘ಬರ್ತ್ ಆಫ್ ದ ಕೂಲ್’ ಎಂಬ ಹೆಸರಿನಲ್ಲಿ ಹೊರಬಂದದ್ದು 1957ರಲ್ಲಿ. ಮಗು ಓಡಾಡತೊಡಗಿ ಎಷ್ಟೋ ವರ್ಷಗಳಾದ ಮೇಲೆ ನಾಮಕರಣವಾಯಿತು ಎನ್ನಬೇಕು.

ಅಷ್ಟರಲ್ಲಿ ತಂಡದವರು ಆ ನಾದವನ್ನು ಬೇರೆಬೇರೆ ಕಡೆಗೆ ಒಯ್ದಿದ್ದರು. ಜೆರ್ರಿ ಮಲ್ಲಿಗನ್ 1952ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಟ್ರಂಪೆಟ್ ವಾದಕ ಚೆಟ್ ಬೇಕರ್ ಜೊತೆ ಪಿಯಾನೊ ಇಲ್ಲದ ಚತುಷ್ಟಯ ಕಟ್ಟಿದರು. ಜಾನ್ ಲೂಯಿಸ್ ಮಾಡರ್ನ್ ಜಾಝ್ ಕ್ವಾರ್ಟೆಟ್‌ನ ಸೂತ್ರಧಾರರಾದರು. ಕೂಲ್ ಎಂದರೆ ಪಶ್ಚಿಮ ಕರಾವಳಿಯ ಬಿಳಿಯರ ಶೈಲಿ ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ನ್ಯೂಯಾರ್ಕಿನಲ್ಲಿ ಕರಿಯರೂ ಬಿಳಿಯರೂ ಕೂಡಿ, ಕಪ್ಪು ನಾಯಕನೊಬ್ಬನ ಮುಂದಾಳುತನದಲ್ಲಿ ರೂಪಿಸಿದ ಸಂಗೀತಕ್ಕೆ ಅದು ಅನ್ಯಾಯವೆಂದೇ ನನ್ನ ಎಣಿಕೆ.

ಒಂದನ್ನೇ ಕೇಳುವುದಾದರೆ ಎವನ್ಸ್ ವಾದ್ಯಸಂಯೋಜನೆ ಮಾಡಿದ ‘ಮೂನ್ ಡ್ರೀಮ್ಸ್’ ಆರಿಸಿಕೊಳ್ಳಿ. ಅದರ ಕೊನೆಯ ಭಾಗದಲ್ಲಿ ರಾಗ ನಿಂತುಹೋಗಿ, ವಾದ್ಯಗಳು ಒಂದೊಂದಾಗಿ ಸ್ವರ ಬದಲಿಸುತ್ತ ಮೆಲ್ಲನೆ ಕೆಳಗಿಳಿಯುತ್ತವೆ.