ಹೈಫಾದಲ್ಲಿ ಮೈಸೂರಿನ ಕುದುರೆ ಸವಾರರು ಈಟಿ ಹಿಡಿದು ಮೆಷಿನ್ ಗನ್ ಎದುರು ನುಗ್ಗಿದ್ದು ನಿಜವಾ, ಉತ್ಪ್ರೇಕ್ಷೆಯಾ?

ನಿಜ. ಆದರೆ ವಾಟ್ಸಾಪ್‌ನಲ್ಲಿ ಓಡಾಡುವ ಕಥೆ ಅರ್ಧದಲ್ಲೇ ನಿಂತುಬಿಡುತ್ತದೆ. ನೀವು ಕೇಳಿದ್ದೀರಲ್ಲ, ಪೂರ್ತಿ ಹೇಳುತ್ತೇನೆ.

ಮೊದಲನೇ ಮಹಾಯುದ್ಧ, 1918ರ ಸೆಪ್ಟೆಂಬರ್ 23. ಹೈಫಾ ಅಂದರೆ ಈಗಿನ ಇಸ್ರೇಲಿನ ಬಂದರು ಊರು, ಆಗ ತುರ್ಕಿಯವರ ಕೈಯಲ್ಲಿತ್ತು, ನಮ್ಮವರು ಬ್ರಿಟಿಷರ ಪರ. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ಹೊಳೆ, ನಡುವೆ ಹೈಫಾ ಊರಿಗೆ ಹೋಗುವ ಇಕ್ಕಟ್ಟಿನ ದಾರಿ. ಹಿಂದಿನ ದಿನವಷ್ಟೇ ಬ್ರಿಟಿಷರು ಉಕ್ಕಿನ ಕವಚದ ಕಾರುಗಳಲ್ಲಿ ಹೋಗಿ, ಫಿರಂಗಿ ಏಟು ತಿಂದು ವಾಪಸ್ ಬಂದಿದ್ದರು. ಕಾರು ಹೋಗದ ಕಡೆ ಕುದುರೆ ಹೋಗಬೇಕಾಯಿತು. ಲ್ಯಾನ್ಸರ್ಸ್ ಅಂದರೆ ಈಟಿ ಹಿಡಿದ ಕುದುರೆ ಪಡೆ. ಜೋಧಪುರ ಲ್ಯಾನ್ಸರ್ಸ್ ನೇರ ಊರಿನ ಕಡೆ, ಮೈಸೂರು ಲ್ಯಾನ್ಸರ್ಸ್‌ನ ಒಂದು ತುಕಡಿ ಬೆಟ್ಟ ಹತ್ತಿ ಮೇಲಿನ ಫಿರಂಗಿಗಳ ಬಾಯಿ ಮುಚ್ಚಿಸಲು.

ಕಲ್ಲು, ಕಡಿದಾದ ಏರು, ಬಿಸಿಲು, ಕೈಯಲ್ಲಿ ಬಿದಿರಿನ ಕೋಲಿಗೆ ಉಕ್ಕಿನ ಮೊನೆ ಕೂರಿಸಿದ ಈಟಿ, ಕೆಳಗೆ ಏದುಸಿರು ಬಿಡುತ್ತಿರುವ ಕುದುರೆ. ಹಾಗೆ ಹತ್ತಿದರು. ಮಧ್ಯಾಹ್ನ ಎರಡು ಗಂಟೆಗೆ ಕೆಳಗೆ ಜೋಧಪುರದವರು ದೌಡು ಶುರು ಮಾಡಿದರು. ಮುಂದೆ ಹೋದ ಕುದುರೆಗಳು ಹೊಳೆ ದಂಡೆಯ ಮರಳಿನಲ್ಲಿ ಹೂತುಹೋದವು. ಅಷ್ಟು ಗುಂಡಿನ ಮಧ್ಯೆ ಇಡೀ ಪಡೆ ಎಡಕ್ಕೆ ಹೊರಳಿ ಬೆಟ್ಟದ ಬುಡ ಹಿಡಿದು ನುಗ್ಗಿತು. ಅವರ ನಾಯಕ ಮೇಜರ್ ದಲಪತ್ ಸಿಂಗ್ ಗುಂಡೇಟಿಗೆ ಬಲಿಯಾದರು. ಮೈಸೂರಿನ ಉಳಿದ ಸವಾರರೂ ಹಿಂದೆಯೇ ಊರೊಳಗೆ ಬಂದರು. ಸಿಕ್ಕ ಸೆರೆಯಾಳುಗಳು 1,350. ನಮ್ಮ ಕಡೆ ಸತ್ತವರು 8 ಜನ, ಕುದುರೆಗಳು 60. ಕುದುರೆಗಳ ಲೆಕ್ಕ ಯಾರೂ ಹೇಳಲ್ಲ, ಅದಕ್ಕೇ ಹೇಳಿದೆ.

ಬರೀ ಹುಂಬ ಧೈರ್ಯ ಅಂದುಕೊಳ್ಳಬೇಡಿ. ಬೆಟ್ಟದ ಮೇಲೆ ಮೈಸೂರಿನವರು ಫಿರಂಗಿಯವರನ್ನು ಕಟ್ಟಿಹಾಕದೆ ಇದ್ದಿದ್ದರೆ ಕೆಳಗಿನ ದೌಡು ಹತ್ಯಾಕಾಂಡವೇ ಆಗುತ್ತಿತ್ತು ಅನ್ನೋದು ನನ್ನ ನಂಬಿಕೆ.

ಇನ್ನೊಂದು, ಇವರು ಆ ಒಂದು ದಿನಕ್ಕೆ ಹೋದವರಲ್ಲ. ಯುದ್ಧ ಶುರುವಾದ 1914ರಲ್ಲೇ ಮನೆ ಬಿಟ್ಟಿದ್ದರು. ಸೂಯೆಜ್ ಕಾಲುವೆ ಕಾದರು. 1918ರ ಬೇಸಿಗೆಯಲ್ಲಿ ಜೋರ್ಡನ್ ಕಣಿವೆಯಲ್ಲಿದ್ದರು, ಸಮುದ್ರಮಟ್ಟಕ್ಕಿಂತ 300 ಮೀಟರಿಗೂ ಜಾಸ್ತಿ ತಗ್ಗಿನ ಜಾಗ, ಧೂಳು, ಸೆಕೆ, ಮಲೇರಿಯಾ. ಅದನ್ನೆಲ್ಲ ದಾಟಿ ಹೈಫಾಕ್ಕೆ ಬಂದಿದ್ದು.

ಹೈಫಾ ಆದಮೇಲೂ ಮುಗಿಯಲಿಲ್ಲ. ನನಗೆ ಸಂಕಟ ಆಗೋದು ಇಲ್ಲೇ. ಅಕ್ಟೋಬರ್ 26ರಂದು, ಸಿರಿಯಾದ ಅಲೆಪ್ಪೊ ಊರಿನಾಚೆ ಹರಿತಾನ್ ಅನ್ನೋ ಹಳ್ಳಿ ಹತ್ತಿರ ಇದೇ ಮೈಸೂರು, ಜೋಧಪುರದವರಿಗೆ ಮತ್ತೆ ದೌಡಿನ ಆಜ್ಞೆ ಬಂತು. ಎದುರಿಗಿದ್ದ ತುರ್ಕಿ ಸೈನ್ಯ ಅಂದುಕೊಂಡದ್ದಕ್ಕಿಂತ ತುಂಬಾ ದೊಡ್ಡದಿತ್ತು. ಈ ಸಲ ಮೆಷಿನ್ ಗನ್‌ಗಳ ಬಾಯಿ ಮುಚ್ಚಿಸುವವರು ಯಾರೂ ಇರಲಿಲ್ಲ. ಸತ್ತವರ ಸಂಖ್ಯೆ ಹೈಫಾದ ಎರಡರಷ್ಟಕ್ಕೂ ಜಾಸ್ತಿ. ಸರಿಯಾಗಿ ನಾಲ್ಕು ದಿನಕ್ಕೆ, ಅಕ್ಟೋಬರ್ 30ಕ್ಕೆ, ತುರ್ಕಿಯ ಜೊತೆ ಕದನವಿರಾಮಕ್ಕೆ ಸಹಿ ಬಿತ್ತು. ನಾಲ್ಕು ವರ್ಷ ಬದುಕುಳಿದು, ಇನ್ನು ನಾಲ್ಕು ದಿನ ಇರುವಾಗ ಹೋದರಲ್ಲ.

ದೆಹಲಿಯ ತೀನ್ ಮೂರ್ತಿ ಪ್ರತಿಮೆಗಳು ನಿಮಗೆ ಗೊತ್ತಿರಬಹುದು, ಆ ಮೂವರು ಸವಾರರು ಜೋಧಪುರ, ಹೈದರಾಬಾದ್, ಮೈಸೂರಿನವರ ನೆನಪಿಗೆ ನಿಂತವರು. ನೀವು ಬೆಂಗಳೂರಲ್ಲೇ ಇದ್ದರೆ ಅಷ್ಟು ದೂರ ಬೇಡ. ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್‌ನ ಕಲ್ಲಿನ ಕಂಬ ಇದೆ. ಚಿಕ್ಕವನಿದ್ದಾಗ ಅದರ ಪಕ್ಕದಲ್ಲೇ ನಡೆದು ಸ್ಕೂಲಿಗೆ ಹೋಗುತ್ತಿದ್ದೆ, ಯಾರದ್ದು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಈಗೀಗ ಸೆಪ್ಟೆಂಬರ್ 23ಕ್ಕೆ ಅಲ್ಲಿ ಹೂವಿನ ಹಾರ ಇಡುತ್ತಾರೆ, ಸಂತೋಷ. ನಾನು ಅಕ್ಟೋಬರ್ 26ಕ್ಕೂ ಒಂದು ಸಲ ಹೋಗಿ, ಚಪ್ಪಲಿ ಬಿಟ್ಟು, ಸ್ವಲ್ಪ ಹೊತ್ತು ನಿಂತು ಬರುತ್ತೇನೆ.