ಕೆಳದಿ ಚೆನ್ನಮ್ಮ, ಕಿತ್ತೂರು ಚೆನ್ನಮ್ಮ ಇಬ್ಬರೂ ಒಬ್ಬರೇನಾ?

ಅಲ್ಲ, ಬೇರೆ ಬೇರೆ. ನಡುವೆ ನೂರು ವರ್ಷಕ್ಕೂ ಹೆಚ್ಚಿನ ಅಂತರವಿದೆ. ಇಬ್ಬರೂ ಗಂಡನನ್ನು ಕಳೆದುಕೊಂಡು, ದತ್ತುಮಗನ ಪರವಾಗಿ ನಿಂತವರು. ಗೊಂದಲ ಆಗುವುದು ಸಹಜ.

ಕೆಳದಿಯ ಚೆನ್ನಮ್ಮ ಮಲೆನಾಡಿನ ಬಿದನೂರಿನಿಂದ ಆಳಿದವಳು, 1672ರಿಂದ 1697ರವರೆಗೆ. ಮೊಗಲರಿಂದ ತಪ್ಪಿಸಿಕೊಂಡು ಬಂದ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟಳು. ಔರಂಗಜೇಬನ ಸೈನ್ಯ ಮೇಲೆ ಬಿದ್ದರೂ ಅವನನ್ನು ಒಪ್ಪಿಸಲಿಲ್ಲ. ಈಕೆಯ ಹೆಸರು ಇಷ್ಟು ಕಡಿಮೆ ಕೇಳಿಬರುತ್ತದಲ್ಲ ಎಂದು ನನಗೆ ನಿಜಕ್ಕೂ ಬೇಸರ.

ಕಿತ್ತೂರಿನ ಚೆನ್ನಮ್ಮ ಈಗಿನ ಬೆಳಗಾವಿ ಜಿಲ್ಲೆಯವಳು. ದತ್ತು ಒಪ್ಪದ ಬ್ರಿಟಿಷರ ಈಸ್ಟ್ ಇಂಡಿಯಾ ಕಂಪನಿ ಸರ್ಕಾರದ ವಿರುದ್ಧ 1824ರಲ್ಲಿ ಕಾದಾಡಿದಳು. ಅಕ್ಟೋಬರ್ 23ರಂದು ಕೋಟೆಯ ಮುಂದೆ ಕಲೆಕ್ಟರ್ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ಸೆರೆಯಲ್ಲೇ 1829ರಲ್ಲಿ ತೀರಿಕೊಂಡಳು, ಸಮಾಧಿ ಬೈಲಹೊಂಗಲದಲ್ಲಿದೆ.